ಡಿಸೆಂಬರ್ ರಜೆಯ ದಾಯವಿಭಾಗ ನಿರ್ಣಯ

ಉಪೋದ್ಘಾತ

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದು ಒಂಬತ್ತು ಶತಮಾನ ಸಂದಿದೆ. ಹೊಲ, ಮನೆ, ದನ, ಒಡವೆ, ಸಾಲ, ಹೀಗೆ ಅಣ್ಣತಮ್ಮಂದಿರು ಜಗಳಾಡಬಹುದಾದ ಸಕಲವನ್ನೂ ಆತ ಪಾಲು ಮಾಡಿ ತೋರಿಸಿದ. ಬಂಗಾಳ, ಅಸ್ಸಾಮಿನ ಕಡೆಯವರನ್ನು ಬಿಟ್ಟರೆ ದೇಶದ ಬಹುಭಾಗ ಈಗಿನ ಬಸವಕಲ್ಯಾಣದಲ್ಲಿ ಹುಟ್ಟಿದ ಆ ಮಾತನ್ನೇ ಒಪ್ಪಿಕೊಂಡಿತು. ಇಷ್ಟೆಲ್ಲ ಬರೆದ ಮಹಾನುಭಾವ ಒಂದು ಸ್ವತ್ತಿನ ಬಗ್ಗೆ ಮಾತ್ರ ತುಟಿ ಬಿಚ್ಚಿಲ್ಲ. ಅದು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯ ಡಿಸೆಂಬರ್ ರಜೆ. ಚಾಲುಕ್ಯರ ಆಸ್ಥಾನದಲ್ಲಿ ಎಚ್‌ಆರ್ ವಿಭಾಗ ಇರಲಿಲ್ಲವಾದ್ದರಿಂದ ಈ ಲೋಪ ಕ್ಷಮ್ಯ. ಅದನ್ನು ತುಂಬುವುದೇ ಈ ಗ್ರಂಥದ ಪ್ರಯೋಜನ.

ಇದನ್ನು ಓದಲು ಯಾರು ಅಧಿಕಾರಿಗಳು? ಹೊರವರ್ತುಲ ರಸ್ತೆಯ ಆಸುಪಾಸಿನ ಪಿಜಿಯಲ್ಲಿ ವಾಸಿಸುವವರು, ಲಗ್ನವಾಗದವರು, ಊರು ಬೆಂಗಳೂರಿನಿಂದ ಒಂದು ರಾತ್ರಿಯ ದೂರದಲ್ಲಿ ಇರುವವರು. ಸಂಸ್ಕೃತ ಶಾಸ್ತ್ರಗಳ ವಾಡಿಕೆಯಂತೆ ನಮ್ಮ ಉದಾಹರಣೆಯ ಪುರುಷನಿಗೂ ದೇವದತ್ತನೆಂದೇ ಹೆಸರು. ಊರು ವಿಜಯಪುರದ ಕಡೆಯ, ಸಿಂದಗಿ ತಾಲೂಕಿನ ಒಂದು ಹಳ್ಳಿ. ಅಲ್ಲಿ ಅವನು ದೇವ್ಯಾ.

ಒಂದನೆಯ ಅಧಿಕರಣ: ರಜೆಯ ಉತ್ಪತ್ತಿ ಮತ್ತು ಲಯ

ಸೂತ್ರ: ರಜೆ ಹುಟ್ಟುವುದು ದುಡಿದವನಲ್ಲಿ, ಸಾಯುವುದು ಡಿಸೆಂಬರ್ 31ರಲ್ಲಿ.

ಭಾಷ್ಯ: 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ 20 ದಿನ ದುಡಿದವನಿಗೆ ಒಂದು ದಿನದ ರಜೆ ಹುಟ್ಟುತ್ತದೆ. ಹುಟ್ಟಿದ್ದನ್ನು ಕೂಡಲೇ ಬಳಸುವುದು ಕಂಪನಿಯ ಶಿಷ್ಟಾಚಾರಕ್ಕೆ ವಿರುದ್ಧ. ಜೂನ್‌ನಲ್ಲಿ ಕೇಳಿದರೆ ‘ರಿಲೀಸ್ ಇದೆ’ ಎನ್ನುತ್ತಾರೆ, ಸೆಪ್ಟೆಂಬರ್‌ನಲ್ಲಿ ಕೇಳಿದರೆ ‘ಅಪ್ಲೈ ಮಾಡು, ನೋಡೋಣ’ ಎನ್ನುತ್ತಾರೆ. ನವೆಂಬರ್ ಕೊನೆಗೆ ಅದೇ ಬಾಯಿಂದ ‘ರಜೆ ಯಾಕೆ ಉಳಿಸಿಕೊಂಡಿದೀರಿ, ಲ್ಯಾಪ್ಸ್ ಆಗುತ್ತೆ’ ಎಂಬ ಮಿಂಚಂಚೆ ಬರುತ್ತದೆ. ಅಷ್ಟರಲ್ಲಿ ಅಮೆರಿಕದ ಕ್ಲೈಂಟ್ ಕ್ರಿಸ್‌ಮಸ್ಸಿಗೆ ಹೊರಟಿರುತ್ತಾನೆ, ಕೋಡ್ ಫ್ರೀಜ್ ಘೋಷಣೆಯಾಗಿರುತ್ತದೆ. ಹೀಗೆ ಸಿಂದಗಿ ತಾಲೂಕಿನವನ ರಜೆಯ ಮುಹೂರ್ತವನ್ನು ನ್ಯೂಜೆರ್ಸಿಯವನು ಇಡುತ್ತಾನೆ.

ಇಲ್ಲಿ ಪಂಚಾಂಗವಿರೋಧವೆಂಬ ದೋಷ ಬರುತ್ತದೆ. ಕ್ರಿಸ್‌ಮಸ್ ಎಂದೂ ಡಿಸೆಂಬರ್ 25 ಬಿಟ್ಟು ಕದಲಿದ್ದಿಲ್ಲ. ಆದರೆ ಊರಿನ ದೊಡ್ಡ ಹಬ್ಬವಾದ ಎಳ್ಳಮಾಸೆ, ಅಂದರೆ ಮಾರ್ಗಶಿರ ಅಮಾವಾಸ್ಯೆ, ಚಂದ್ರನ ಅಧೀನ. 2024ರಲ್ಲಿ ಅದು ಜನವರಿ 11ಕ್ಕೊಮ್ಮೆ, ಡಿಸೆಂಬರ್ 30ಕ್ಕೆ ಮತ್ತೊಮ್ಮೆ ಬಂದು ಒಂದೇ ವರ್ಷದಲ್ಲಿ ಎರಡು ರಜೆಯ ಅರ್ಜಿ ಬರೆಸಿತು. 2025ರಲ್ಲಿ ಡಿಸೆಂಬರ್ 19ಕ್ಕೇ ಬಂದು ಕೂತಿತು, ಕೋಡ್ ಇನ್ನೂ ಫ್ರೀಜ್ ಆಗದಿದ್ದಾಗ. ‘ಚಂದ್ರ ಕ್ಷಯಿಸಿದ್ದರಿಂದ ರಜೆ ಬೇಕು’ ಎಂಬ ಕಾರಣವನ್ನು ತುಂಬಲು ಪೋರ್ಟಲ್‌ನಲ್ಲಿ ಜಾಗವಿಲ್ಲ. ದೇವದತ್ತ ‘ಪರ್ಸನಲ್’ ಎಂದು ಬರೆಯುತ್ತಾನೆ. ಈ ಗ್ರಂಥದುದ್ದಕ್ಕೂ ಸುಳ್ಳೆಂದು ಸಾಬೀತಾಗಲಿರುವ ಪದ ಇದೊಂದೇ.

ಎರಡನೆಯ ಅಧಿಕರಣ: ಸ್ವಾರ್ಜಿತವೋ, ಪಿತ್ರಾರ್ಜಿತವೋ

ಸೂತ್ರ: ರಜೆಯು ಕುಟುಂಬದ ಸ್ವತ್ತು, ಓದಿಸಿದ್ದರಿಂದ.

ಭಾಷ್ಯ: ಪೂರ್ವಪಕ್ಷವನ್ನು ದೇವದತ್ತ ಹೀಗೆ ಮಂಡಿಸುತ್ತಾನೆ. ವಿದ್ಯೆಯಿಂದ ಗಳಿಸಿದ್ದರಲ್ಲಿ ದಾಯಾದಿಗಳಿಗೆ ಪಾಲಿಲ್ಲವೆಂದು ಯಾಜ್ಞವಲ್ಕ್ಯನೇ ಹೇಳಿದ್ದಾನೆ. ಸಾಲದ್ದಕ್ಕೆ 1930ರ ಹಿಂದೂ ವಿದ್ಯಾರ್ಜಿತ ಆದಾಯದ ಕಾಯ್ದೆ, ಓದಿನ ಖರ್ಚನ್ನು ಮನೆಯವರೇ ಕೊಟ್ಟಿದ್ದರೂ ಗಳಿಕೆ ಓದಿದವನದೇ ಎಂದು ಸಾರಿದೆ. ರಜೆ ಸಂಬಳದ ಸಹೋದರ. ಆದ್ದರಿಂದ ರಜೆ ನನ್ನದು. ಅದರಲ್ಲಿ ನಾನು ಗೋಕರ್ಣಕ್ಕಾದರೂ ಹೋಗಬಹುದು, ಪಿಜಿಯಲ್ಲಿ ಮುಸುಕು ಹಾಕಿ ಮಲಗಲೂಬಹುದು.

ಸಿದ್ಧಾಂತವನ್ನು ತಾಯಿ ಫೋನಿನಲ್ಲಿ ಹೇಳುತ್ತಾರೆ. “ನಿನ್ನ ಕಲಿಸಾಕ ನಿಮ್ಮಪ್ಪ ಎರಡ ಎಕರೆ ಒತ್ತಿ ಇಟ್ಟಾರ. ನಾಕ ದಿನ ಬಂದ ಇರಾಕ ಆಗಂಗಿಲ್ಲೇನ?”

ಶಾಸ್ತ್ರಜ್ಞರು ಗಮನಿಸಬೇಕು. ವಿದ್ಯಾಧನ ಸ್ವಂತದ್ದಾಗಬೇಕಾದರೆ ಪಿತೃದ್ರವ್ಯಕ್ಕೆ ಬಾಧೆಯಾಗಿರಬಾರದು ಎಂಬ ಷರತ್ತನ್ನು ವಿಜ್ಞಾನೇಶ್ವರ ಎತ್ತಿ ಹಿಡಿದಿದ್ದಾನೆ. ಆ ತಾಯಿ ಮಿತಾಕ್ಷರವನ್ನು ಕಣ್ಣಲ್ಲೂ ಕಂಡವರಲ್ಲ. ಆದರೂ ಒಂದೇ ಉಸಿರಿಗೆ ಬಾಧೆಯನ್ನು ಎಕರೆ ಲೆಕ್ಕದಲ್ಲಿ ಸಾಬೀತು ಮಾಡಿಬಿಟ್ಟರು. 1930ರ ಕಾಯ್ದೆ ಅವರ ನ್ಯಾಯಾಲಯದಲ್ಲಿ ಜಾರಿಗೆ ಬಂದಿಲ್ಲ. ದೇವದತ್ತ ಸೋತು, 60 ದಿನ ಮುಂಚೆ ರಿಸರ್ವೇಶನ್ ತೆರೆದ ಬೆಳಿಗ್ಗೆಯೇ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಟಿಕೆಟಿಗೆ ಕೂರುತ್ತಾನೆ. ವೇಟಿಂಗ್ ಲಿಸ್ಟ್ ಬರುತ್ತದೆ. ಇದು ಕರ್ಮಾಧೀನವಾದ್ದರಿಂದ ಇಲ್ಲಿ ಚರ್ಚಿಸುವುದಿಲ್ಲ.

ಮೂರನೆಯ ಅಧಿಕರಣ: ಹಕ್ಕುದಾರರು

ಸೂತ್ರ: ಹುಟ್ಟಿದವರಿಗೆಲ್ಲ ಹಕ್ಕುಂಟು, ಹುಟ್ಟಿದ ದಿನದಿಂದಲೇ.

ಭಾಷ್ಯ: ಬಂಗಾಳದ ಜೀಮೂತವಾಹನನ ಮತದಲ್ಲಿ ತಂದೆ ಕಾಲವಾದ ಮೇಲಷ್ಟೇ ಮಗನಿಗೆ ಹಕ್ಕು ಬರುತ್ತದೆ. ಮಿತಾಕ್ಷರದಲ್ಲಿ ಹುಟ್ಟಿನಿಂದಲೇ ಬರುತ್ತದೆ. ದೇವದತ್ತ ಕೊಲ್ಕತ್ತಾದವನಾಗಿದ್ದರೆ ಸ್ವಲ್ಪ ಉಸಿರಾಡಬಹುದಿತ್ತು. ವಿಜಯಪುರದವನಾದ್ದರಿಂದ, ಹೋದ ತಿಂಗಳು ಹುಟ್ಟಿದ ಅಕ್ಕನ ಕೂಸೂ ತೊಟ್ಟಿಲು ಕಾರ್ಯದ ಹೆಸರಿನಲ್ಲಿ ಅವನ ರಜೆಯಿಂದ ಒಂದು ಪೂರ್ತಿ ದಿನ ಬಿಡಿಸಿಕೊಂಡಿತು. ‘ಹೆಣ್ಣುಮಗಳಿಗೆ ಪಾಲೆಲ್ಲಿ’ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಮಗಳನ್ನೂ ಸಮಾನ ಹಕ್ಕುದಾರಳನ್ನಾಗಿಸಿತು. ದೇಶಕ್ಕೆಲ್ಲ ಅದು 2005ರಲ್ಲಿ ಬಂತು. ಅಕ್ಕ ಹೊಲದ ಪಾಲು ಕೇಳಿಲ್ಲ. ರಜೆಯ ಪಾಲು ಬಿಟ್ಟಿಲ್ಲ.

ಭಿನ್ನಗೋತ್ರದ ಬಂಧುಗಳದು ಬೇರೆಯದೇ ಪ್ರಕರಣ. ಸೋದರಮಾವ, ಅತ್ತಿ, ಚಿಗವ್ವ ಇವರಿಗೆಲ್ಲ ಶಾಸ್ತ್ರದ ಪ್ರಕಾರ ಸರದಿ ಕೊನೆಗೆ. ವ್ಯವಹಾರದಲ್ಲಿ ಮಾತ್ರ ಮೊದಲಿಗೆ. ಮೊದಲು ಯಾರ ಮನೆಗೆ ಹೋದನೆಂಬುದು ಸಂಜೆಯೊಳಗೆ ಉಳಿದವರಿಗೆಲ್ಲ ತಲುಪುತ್ತದೆ. ಎರಡನೆಯ ಮನೆಯಲ್ಲಿ ಚಹಾದ ಜೊತೆ ‘ನಮ್ಮನಿ ನೆನಪ ಆತೇನಪಾ’ ಎಂಬ ದಂಡವನ್ನೂ ಕಟ್ಟಬೇಕು.

ಅತ್ತಿಯ ಮನೆಯ ವಿಚಾರಣೆ ಇಲ್ಲಿ ಮಾದರಿ. ಪಡಸಾಲೆಯ ಕುರ್ಚಿಯ ಮೇಲಿದ್ದ ಅರಿವೆಗಳನ್ನು ಸರಿಸಿ ಕೂಡಿಸುತ್ತಾರೆ. ಒಗ್ಗರಣೆ ಚುರಮುರಿ ತಾಟಿನ ತುಂಬ ಬರುತ್ತದೆ. ಅವನ ಬಾಯಿ ತುಂಬುವುದನ್ನೇ ಕಾದು ಪ್ರಶ್ನೆ ಬರುತ್ತದೆ.

“ಪಗಾರ ಎಷ್ಟ ಈಗ?”

“ಹೋದ ವರ್ಷದಷ್ಟ ಐತ್ರಿ ಅತ್ತಿ.”

“ಹೋದ ವರ್ಷ ಎಷ್ಟಿತ್ತ?”

ಇದಕ್ಕೆ ನೀರು ಕುಡಿಯುವುದೇ ಉತ್ತರ. ಅಷ್ಟರಲ್ಲಿ ಅತ್ತಿ ಮೊಬೈಲು ತೆರೆದು ಹುಬ್ಬಳ್ಳಿಯ ಹುಡುಗಿಯೊಬ್ಬಳ ಫೋಟೋ ಹಿಡಿಯುತ್ತಾರೆ. ದೇವದತ್ತ ಶಾಸ್ತ್ರದ ಮೊರೆ ಹೋಗುತ್ತಾನೆ. “ಅತ್ತಿ, ಈಗ ಧನುರ್ಮಾಸ. ಸಂಕ್ರಮಣದ ತನಕ ಲಗ್ನದ ಮಾತ ಬ್ಯಾಡ್ರಿ.”

“ಲಗ್ನ ಮಾಡಬಾರ್ದಪಾ. ಫೋಟೋ ನೋಡಬಾರ್ದಂತ ಯಾವ ಶಾಸ್ತ್ರದಾಗ ಐತಿ?”

ಈ ಗ್ರಂಥಕರ್ತ ತಕ್ಕಮಟ್ಟಿಗೆ ಹುಡುಕಿದ್ದಾನೆ. ಯಾವ ಶಾಸ್ತ್ರದಲ್ಲೂ ಇಲ್ಲ. ಡಿಸೆಂಬರ್ 16ರ ಸುಮಾರಿಗೆ ಸೂರ್ಯ ಧನುರಾಶಿ ಹೊಕ್ಕರೆ ಕಲ್ಯಾಣಮಂಟಪಗಳು ಖಾಲಿ ಬೀಳುತ್ತವೆ. ಊಟದ ಪಂಕ್ತಿಗಳಲ್ಲಿ ಖರ್ಚಾಗಬೇಕಿದ್ದ ಬಂಧುಗಳ ಶಕ್ತಿಯೆಲ್ಲ ಹೀಗೆ ಸಂಶೋಧನೆಗೆ ತಿರುಗುತ್ತದೆ.

ನಾಲ್ಕನೆಯ ಅಧಿಕರಣ: ಪಾಲಿಗೆ ಬಾರದ ವಸ್ತುಗಳು

ಸೂತ್ರ: ಬೇಯಿಸಿದ ಅನ್ನಕ್ಕೆ ಪಾಲಿಲ್ಲ. ಬಾವಿಗೆ ಸರದಿ ಉಂಟು.

ಭಾಷ್ಯ: ಬಟ್ಟೆ, ವಾಹನ, ತೊಟ್ಟ ಒಡವೆ, ಬೇಯಿಸಿದ ಅನ್ನ, ನೀರು ಇವನ್ನು ಪಾಲು ಮಾಡತಕ್ಕದ್ದಲ್ಲವೆಂದು ಧರ್ಮಶಾಸ್ತ್ರ. ಬಾವಿಯನ್ನು ಕಡಿದು ಹಂಚಲಾಗದು, ಸರದಿಯಂತೆ ಸೇದಿಕೊಳ್ಳಬೇಕು. ದೇವದತ್ತನ ಮೊಬೈಲಿನ ಹಾಟ್‌ಸ್ಪಾಟ್ ಈ ನಿಯಮಕ್ಕೆ ಸೇರುತ್ತದೆ. ಅಕ್ಕನ ದೊಡ್ಡ ಮಗ, ಕಾಕಾನ ಇಬ್ಬರು ಮಕ್ಕಳು, ಕೊನೆಗೆ ಪಾಸ್‌ವರ್ಡು ಯಾರು ಕೊಟ್ಟರೆಂದು ತಿಳಿಯದ ಪಕ್ಕದ ಮನೆಯವನು, ಎಲ್ಲರೂ ಸರದಿಯಂತೆ ಸೇದಿ ಸಂಜೆಗೆ ತಳ ಕಾಣಿಸುತ್ತಾರೆ.

ಈ ಬಾವಿಯ ನೀರಿನ ಅಭಾವ ಅರಿವಾಗುವುದು ಎಳ್ಳಮಾಸೆಯ ದಿನ. ಬುಟ್ಟಿಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿದ್ದಾರೆ. ಬನ್ನಿಗಿಡದ ಬುಡಕ್ಕೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆಯಾಗಿದೆ. ಕಾಕಾ ಎಡೆಯನ್ನು ಬುಟ್ಟಿಯಲ್ಲಿ ಹಿಡಿದು, ಎದೆಮಟ್ಟದ ಬಿಳಿಜೋಳದ ಸಾಲಿನಲ್ಲಿ ಚರಗ ಚೆಲ್ಲುತ್ತ ನಡೆದಿದ್ದಾರೆ. ನೀರು ಚಿಮುಕಿಸುತ್ತ ಹಿಂದೆ ಹೋಗಬೇಕಾದವನು ದೇವದತ್ತ. ಅವನು ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ನಿಂತು, ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಫೋನು ಎತ್ತಿ ಹಿಡಿದು ನೆಟ್‌ವರ್ಕಿನ ಒಂದು ಕಡ್ಡಿಗಾಗಿ ತಪಸ್ಸು ಮಾಡುತ್ತಿದ್ದಾನೆ. ಆನ್‌ಕಾಲ್ ಸರದಿ ಅವನದು. ಎಲ್ಲಿಯೋ ಸರ್ವರ್ ಬಿದ್ದಿದೆ. ಪಕ್ಕದ ಹೊಲದ ಅಜ್ಜ ನೋಡಿ ಕೇಳುತ್ತಾನೆ: “ಯಾರಿಗೆ ಎಡಿ ತೋರ್ಸಾಕತ್ಯೋ ತಮ್ಮಾ?” ಯೋಚಿಸಿದರೆ ಅಜ್ಜನ ಪ್ರಶ್ನೆ ಸಮಂಜಸವೇ.

ಇನ್ನು ಬೇಯಿಸಿದ ಅನ್ನ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳ ಚಟ್ನಿಗಳನ್ನು ತಾಯಿ ಒಂದು ತಿಂಗಳಿಗೆಂದು ಕಟ್ಟುತ್ತಾರೆ. ಇವು ಅವಿಭಾಜ್ಯವೆಂದು ಮನುವೇ ಹೇಳಿದ್ದರೂ ಪಿಜಿಯ ಜೊತೆಗಾರರು ಒಂದೇ ರಾತ್ರಿಯಲ್ಲಿ ವಿಭಾಗ ಮುಗಿಸುತ್ತಾರೆ. ಸ್ಮೃತಿಗಿಂತ ಹಸಿವು ಪ್ರಬಲ ಪ್ರಮಾಣ.

ಐದನೆಯ ಅಧಿಕರಣ: ಕಂಪನಿ ಪ್ರಯಾಣ

ಸೂತ್ರ: ಕಚೇರಿಯ ಕೆಲಸಕ್ಕೆ ಹೋದದ್ದೂ ಅಡ್ಡಾಡಿ ಬಂದದ್ದೇ.

ಭಾಷ್ಯ: ಡಿಸೆಂಬರ್ ಮೊದಲ ವಾರ ದೇವದತ್ತನನ್ನು ಪುಣೆಯ ಕ್ಲೈಂಟ್ ಕಚೇರಿಗೆ ಕಳಿಸಿದರು. ಬೆಳಿಗ್ಗೆ ಹೋಟೆಲಿನ ಉಚಿತ ತಿಂಡಿ, ಹಗಲೆಲ್ಲ ಕಿಟಕಿಯಿಲ್ಲದ ಕೋಣೆ, ರಾತ್ರಿ ಜಿಎಸ್‌ಟಿ ಬಿಲ್ಲುಗಳ ಫೋಟೋ ತೆಗೆಯುವುದು. ಪುಣೆಯಲ್ಲಿ ಅವನು ಕಂಡದ್ದು ಇಷ್ಟೇ. ಸೊಲ್ಲಾಪುರದ ಚಿಗವ್ವನ ದೃಷ್ಟಿಯಲ್ಲಿ ಪ್ರಕರಣ ಬೇರೆ. ಸೊಲ್ಲಾಪುರ ವಿಜಯಪುರದಿಂದ ಸುಮಾರು 100 ಕಿ.ಮೀ., ಪುಣೆಯಿಂದ ಸುಮಾರು 250 ಕಿ.ಮೀ. ಅಂದಮೇಲೆ ಪುಣೆಗೆ ಬಂದವನು ಬಂಧುಗಳ ನಕಾಶೆಯಲ್ಲಿ ಸೊಲ್ಲಾಪುರದ ಬಾಗಿಲಿಗೇ ಬಂದಂತೆ. “ಕಂಪನಿ ರೊಕ್ಕದಾಗ ಊರೂರು ತಿರಗತಾನ, ನಮ್ಮನಿಗೆ ಬರಾಕ ಟೈಮಿಲ್ಲ” ಎಂಬ ತೀರ್ಪು ಅವನು ಬೆಂಗಳೂರು ಮುಟ್ಟುವ ಮೊದಲೇ ತಾಯಿಗೆ ಮುಟ್ಟಿತ್ತು. ಮೇಲ್ಮನವಿಗೆ ಅವಕಾಶವಿಲ್ಲ. ರಜೆಯಲ್ಲಿ ಒಂದು ದಿನ ಸೊಲ್ಲಾಪುರಕ್ಕೆ ಜಮೆಯಾಯಿತು.

ಆರನೆಯ ಅಧಿಕರಣ: ಮನೋರಂಜನೆ

ಸೂತ್ರ: ದುಡಿಯುವವನೇ ಟಿಕೆಟ್ ತೆಗೆಯತಕ್ಕದ್ದು.

ಭಾಷ್ಯ: ರಜೆಗಳು ಡಿಸೆಂಬರ್ ಕೊನೆಗೆ ಸಾಯುತ್ತವೆಂಬುದು ಸಿನಿಮಾದವರಿಗೂ ಗೊತ್ತು. ‘ಕೆಜಿಎಫ್’ ಬಿಡುಗಡೆಯಾದದ್ದು 2018ರ ಡಿಸೆಂಬರ್ 21ಕ್ಕೆ, ‘ಕಾಟೇರ’ 2023ರ ಡಿಸೆಂಬರ್ 29ಕ್ಕೆ, ‘ಯುಐ’ ಮತ್ತು ‘ಮ್ಯಾಕ್ಸ್’ 2024ರ ಡಿಸೆಂಬರ್ 20 ಮತ್ತು 25ಕ್ಕೆ. ಗೆಳೆಯರೊಂದಿಗೆ ಮೊದಲ ದಿನವೇ ನೋಡುವ ಸಂಕಲ್ಪ ಮಾಡಿದವನು ಕೊನೆಗೆ ವಿಜಯಪುರದಲ್ಲಿ ಅಕ್ಕ, ಭಾವ, ಮಕ್ಕಳು, ಅತ್ತಿಯೊಂದಿಗೆ ಸಾಲಾಗಿ ಕೂತು, ಹೊಡೆದಾಟ ನಡೆಯುವಾಗ ಕೂಸನ್ನು ಹೊರಗೆ ಆಡಿಸುತ್ತಾನೆ. ಕೂಸೂ ಹಕ್ಕುದಾರನೆಂಬುದು ಹಿಂದೆಯೇ ಸಿದ್ಧವಾಗಿದೆ.

ನಿಜವಾದ ಮನರಂಜನೆ ಇರುವುದು ಮುಂದೆ. ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ಬನಶಂಕರಿಯಲ್ಲಿ ಕಂಪನಿ ನಾಟಕಗಳು ರಾತ್ರಿಯಿಡೀ ನಡೆಯುತ್ತವೆ. ಅಷ್ಟರಲ್ಲಿ ರಜೆಯ ಖಾತೆ ಸೊನ್ನೆಯಿಂದ ಶುರುವಾಗಿರುತ್ತದೆ. ಒಂದು ನಾಟಕಕ್ಕೆ 20 ದಿನ ದುಡಿಯಬೇಕು. ಊರವರು ನಾಟಕ ಕಂಪನಿ ನೋಡುವ ಹೊತ್ತಿಗೆ ದೇವದತ್ತ ತನ್ನ ಕಂಪನಿಯಲ್ಲಿ ‘ವರ್ಷದ ಗುರಿಗಳು’ ಎಂಬ ಪ್ರವೇಶದಲ್ಲಿ ಪಾತ್ರಧಾರಿ.

ಏಳನೆಯ ಅಧಿಕರಣ: ಪಾಲು ಬೇಡವೆಂದವನ ಗತಿ

ಸೂತ್ರ: ಬೇಡವೆಂದವನಿಗೂ ಏನಾದರೂ ಕೊಡಬೇಕು.

ಭಾಷ್ಯ: ಹಕ್ಕುದಾರರೆಲ್ಲರ ಲೆಕ್ಕ ತೀರಿದ ಮೇಲೆ ಒಬ್ಬರು ಉಳಿಯುತ್ತಾರೆ: ತಂದೆ. ಅವರು ಫೋನಿನಲ್ಲಿ ಹೇಳುವುದು ಒಂದೇ ವಾಕ್ಯ, “ಕೆಲಸ ಇದ್ರ ಬ್ಯಾಡ ಬಿಡು.” ಇದು ನೋಂದಣಿಯಿಲ್ಲದ ಹಕ್ಕುಬಿಡುಗಡೆ ಪತ್ರ. ಪಾಲನ್ನು ಬಯಸದ ಸಮರ್ಥನಿಗೆ ಅಲ್ಪಸ್ವಲ್ಪ ಕೊಟ್ಟು ಬೇರೆ ಮಾಡಬೇಕೆಂದು ಯಾಜ್ಞವಲ್ಕ್ಯ ವಿಧಿಸುತ್ತಾನೆ. ಮುಂದೆ ಅವನ ಮಕ್ಕಳು ತಕರಾರು ಎತ್ತದಿರಲೆಂಬುದು ಅದರ ತಾತ್ಪರ್ಯ. ಅದರಂತೆ ದೇವದತ್ತ ಒಂದು ಸ್ವೆಟರ್ ಕೊಟ್ಟು ಬೇರೆ ಮಾಡಲು ನೋಡಿದ.

ಆದರೆ ಶಾಸ್ತ್ರ ಇಲ್ಲಿ ಕೈಕೊಡುತ್ತದೆ. ಬೇಡವೆಂದ ತಂದೆಯ ಮೊಬೈಲಿನಲ್ಲಿ ಮೆಮೊರಿ ತುಂಬಿತ್ತು, ಬ್ಯಾಂಕಿನ ಕೆವೈಸಿ ಬಾಕಿಯಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಯಾವುದನ್ನೂ ಅವರು ಹೇಳಲಿಲ್ಲ. ಒಂದೊಂದೂ ತಾನಾಗಿ ಹೊರಬಿತ್ತು. ಒಂದು ದಿನ ಬ್ಯಾಂಕಿಗೆ, ಎರಡು ದಿನ ಕಣ್ಣಿನ ದವಾಖಾನೆಗೆ ಹೋದವು. ಕೊನೆಗೆ ಎಣಿಸಿದರೆ ಎಲ್ಲರಿಗಿಂತ ದೊಡ್ಡ ಪಾಲು ಪಡೆದವರು ಹಕ್ಕು ಬಿಟ್ಟವರೇ. ದಾವೆ ಹೂಡದೆ ಗೆಲ್ಲುವ ಈ ವಿದ್ಯೆ ತಂದೆಯಂದಿರಿಗಷ್ಟೇ ಗೊತ್ತು. ‘ಪರ್ಸನಲ್’ ಎಂದು ಬರೆದ ರಜೆಯಲ್ಲಿ ದೇವದತ್ತನ ಸ್ವಂತ ಪಾಲು ಎಷ್ಟೆಂದರೆ, ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಕೊನೆಗೂ ಸಿಕ್ಕ ಸೈಡ್ ಅಪ್ಪರ್, ಹೋಗುವಾಗಲೊಮ್ಮೆ ಬರುವಾಗಲೊಮ್ಮೆ. ಹಾಗಿದ್ದೂ ಜನವರಿಯಲ್ಲಿ ಅವನು ಮೊದಲು ಮಾಡಿದ ಕೆಲಸ, ಮುಂದಿನ ಎಳ್ಳಮಾಸೆ ಯಾವ ತಾರೀಕಿಗೆ ಬರುತ್ತದೆಂದು ನೋಡಿದ್ದು.

ಫಲಶ್ರುತಿ

ಈ ನಿರ್ಣಯವನ್ನು ರಜೆಯ ಅರ್ಜಿ ಹಾಕುವ ಮುನ್ನ ಓದಿದವನಿಗೆ ಮ್ಯಾನೇಜರಿನ ಅನುಮತಿ ಒಂದೇ ಕ್ಲಿಕ್ಕಿಗೆ ದೊರೆಯುವುದು. ಭಕ್ತಿಯಿಂದ ಕೇಳಿದವನ ವೇಟಿಂಗ್ ಲಿಸ್ಟ್ ಕನ್ಫರ್ಮ್ ಆಗುವುದು. ಪ್ರತಿ ಮಾಡಿಸಿ ಸೊಲ್ಲಾಪುರದ ಚಿಗವ್ವನಿಗೆ ದಾನ ಕೊಟ್ಟವನ ಪುಣೆ ಪ್ರವಾಸದ ಪಾಪ ಕಳೆಯುವುದು. ಅತ್ತಿಯ ಎದುರು ಗಟ್ಟಿಯಾಗಿ ಪಠಿಸಿದವನಿಗೆ ಒಂದು ವರ್ಷ ಲಗ್ನದ ಪ್ರಶ್ನೆ ಬಾರದು. ಕೊನೆಯ ಫಲಕ್ಕೆ ಗ್ರಂಥಕರ್ತ ಜವಾಬ್ದಾರನಲ್ಲ. ಅತ್ತಿ ಈಗಾಗಲೇ ಎರಡನೆಯ ಫೋಟೋ ಕಳಿಸಿದ್ದಾರೆ.