ಆಂತ್ರೊ

ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಸುತ್ತಿನ ಪೀಜಿಗಳಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಉಳಿಯುವುದಿಲ್ಲ. ಯುಪಿಎಸ್‌ಸಿ ಪರೀಕ್ಷೆಗೆ ಯಾವ ಆಪ್ಷನಲ್ ತಗೊಂಡಿದ್ದಾನೋ ಅದೇ ಅವನ ಹೆಸರು. "ಜಾಗ್ರಫಿ ಬಾತ್‌ರೂಮಲ್ಲಿದಾನೆ", "ಪಬ್ ಆಡ್ ಊರಿಗೋಗವ್ನೆ", "ಕನ್ನಡ ಸಾಹಿತ್ಯ ಈ ತಿಂಗಳ ಬಾಡಿಗೆ ಕೊಟ್ಟಿಲ್ಲ". ಈ ಲೆಕ್ಕದಲ್ಲಿ ನಮ್ಮ ದೂರದ ಸಂಬಂಧದ ಹುಡುಗ ಆಂತ್ರೊ, ಅಂದರೆ ಆಂತ್ರೊಪಾಲಜಿ, ಮಾನವಶಾಸ್ತ್ರ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಪ್ರತಿ ಪೀಜಿಯಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ.

ಆಪ್ಷನಲ್ ಆರಿಸಿಕೊಳ್ಳುವುದಕ್ಕೂ ಅವನದೊಂದು ಪದ್ಧತಿ ಇತ್ತು. 2017ರಲ್ಲಿ ಕೋಲಾರದ ನಂದಿನಿ ಕೆ.ಆರ್. ಕನ್ನಡ ಸಾಹಿತ್ಯ ತಗೊಂಡು ದೇಶಕ್ಕೇ ಮೊದಲು ಬಂದಾಗ ಇವನು ಪಂಪನನ್ನು ಕೊಂಡುತಂದ. ಮರುವರ್ಷ ಅನುದೀಪ್ ದುರಿಶೆಟ್ಟಿ ಮಾನವಶಾಸ್ತ್ರದಲ್ಲಿ ಮೊದಲು ಬಂದರು, ಪಂಪ ಅಟ್ಟ ಸೇರಿದ. ಅದರ ಮುಂದಿನ ವರ್ಷ ಕನಿಷ್ಕ್ ಕಟಾರಿಯಾ ಎಂಬ ಐಐಟಿ ಹುಡುಗ ಗಣಿತದಲ್ಲಿ ಮೊದಲು ಬಂದದ್ದು ಕೇಳಿ ಇವನಿಗೆ ಊಟ ಸೇರಲಿಲ್ಲ. 2021ರಲ್ಲಿ ಶುಭಂ ಕುಮಾರ್ ಮತ್ತೆ ಮಾನವಶಾಸ್ತ್ರದಲ್ಲೇ ಮೊದಲ ರ‍್ಯಾಂಕ್ ತೆಗೆದಾಗ ಮಾತ್ರ ಇಡೀ ಪೀಜಿಗೆ ಮೈಸೂರ್ ಪಾಕ್ ಹಂಚಿದ. "ಯಾರಪ್ಪ ಅವರು, ಪರಿಚಯವೇ?" ಎಂದರೆ, "ನಮ್ಮ ಕುಲದವರು" ಎಂದ.

"ಸಿಲಬಸ್ ಚಿಕ್ಕದು, ನಾಲ್ಕು ತಿಂಗಳಿಗೆ ಮುಗಿಯುತ್ತೆ." ಈ ವಿಷಯಕ್ಕೆ ಬಿದ್ದವರೆಲ್ಲ ಬಿದ್ದದ್ದು ಇದೊಂದು ಮಾತಿಗೆ. 250 ಅಂಕದ ಎರಡು ಪೇಪರು. ಮನುಷ್ಯ ಮರ ಇಳಿದದ್ದರಿಂದ ಹಿಡಿದು ಅರಣ್ಯ ಹಕ್ಕು ಕಾಯ್ದೆಯವರೆಗೆ. ನಡುವೆ ಮದುವೆ, ಮಾಟ, ವರ್ಣತಂತು, ಕೈಗೊಡಲಿ, ಜಾತಿ, ಜನಸಂಖ್ಯೆ, ಕೋತಿಯ ದವಡೆ. ಇದನ್ನೇ ಚಿಕ್ಕದು ಎನ್ನುವವರು ದೊಡ್ಡದು ಎಂದು ಯಾವುದನ್ನು ಕರೆಯುತ್ತಾರೋ ನಾನರಿಯೆ.

ಮೊದಲ ಹಂತದಲ್ಲಿ ರೋಗ ತಲೆಬುರುಡೆಗೆ ಹತ್ತುತ್ತದೆ. ಎದುರಿಗೆ ಯಾರೇ ಕೂತರೂ ಕಣ್ಣಲ್ಲೇ ತಲೆಯ ಅಗಲ ಅಳೆದು, ಉದ್ದದಿಂದ ಭಾಗಿಸಿ, ನೂರರಿಂದ ಗುಣಿಸುತ್ತಾನೆ. ದರ್ಶಿನಿಯ ಕ್ಯಾಷಿಯರಿಗೆ ಒಮ್ಮೆ ಬಹಳ ವಿನಯದಿಂದ, "ಸಾರ್, ನೀವು ಬ್ರಾಕಿಸೆಫಾಲಿಕ್" ಎಂದ. ಅಗಲ ತಲೆ ಅಂತ ಅರ್ಥ, ಅಷ್ಟೇ. ಪಾಪ ಅವರು ಮಾರನೇ ದಿನ ಬೆಳಿಗ್ಗೆ ಬಿಪಿ, ಶುಗರ್ ಎರಡೂ ಚೆಕ್ ಮಾಡಿಸಿಕೊಂಡು ಬಂದರು. ಹಂಪಿನಗರದ ಲೈಬ್ರರಿಯಲ್ಲಿ ಬೆಳಗಾಗುವ ಮೊದಲೇ ಕುರ್ಚಿಯ ಮೇಲೆ ಬ್ಯಾಗಿಟ್ಟು ಟೀ ಕುಡಿಯಲು ಹೋಗುವವರನ್ನು ಕಂಡರೆ, "ಟೆರಿಟೋರಿಯಲ್ ಬಿಹೇವಿಯರ್, ಪ್ರೈಮೇಟ್ಸ್ ಚಾಪ್ಟರು" ಎನ್ನುತ್ತಾನೆ. ಆ ಬ್ಯಾಗುಗಳಲ್ಲಿ ಒಂದು ಅವನದೇ.

ಪಳೆಯುಳಿಕೆಗಳ ಪೈಕಿ ಅವನ ಕರುಳು ಮಿಡಿಯುವುದು ರಾಮಾಪಿಥಿಕಸ್‌ಗೆ. 1930ರ ದಶಕದಲ್ಲಿ ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ ದವಡೆ ಅದು. ಬಹುಕಾಲ ಮನುಷ್ಯನ ಪೂರ್ವಜ ಎಂಬ ಗೌರವದಲ್ಲಿತ್ತು. ಆಮೇಲೆ ಇನ್ನೂ ಚೆನ್ನಾದ ಮೂಳೆಗಳು ಸಿಕ್ಕಿ, ಇದು ಶಿವಾಪಿಥಿಕಸ್‌ನೊಳಗೇ ಸೇರಬೇಕಾದದ್ದು, ನೆಂಟಸ್ತನ ಒರಾಂಗುಟಾನ್ ಕಡೆಗೆ ಎಂದು ತೀರ್ಮಾನವಾಯಿತು. "ನೋಡಿ ಅಂಕಲ್, ಸೆಲೆಕ್ಷನ್ ಲಿಸ್ಟಲ್ಲಿ ಹೆಸರು ಬಂದು, ಫೋಟೋ ಹಾಕಿ, ಸನ್ಮಾನ ಎಲ್ಲ ಆದಮೇಲೆ ಲಿಸ್ಟ್ ರಿವೈಸ್ ಮಾಡಿದ್ರು" ಎನ್ನುವಾಗ ಅವನ ದನಿ ಒಡೆಯುತ್ತದೆ. ಹಥ್ನೋರಾದಲ್ಲಿ 1982ರಲ್ಲಿ ಅರುಣ್ ಸೊನಾಕಿಯಾ ಪತ್ತೆಹಚ್ಚಿದ ನರ್ಮದಾ ಬುರುಡೆ ಯಾವ ಜಾತಿಯ ಮಾನವನದು ಎಂಬ ವಾದ ಇನ್ನೂ ನಡೆದೇ ಇದೆ. ಅದು ಅವನ ಪಾಲಿಗೆ ಕೋರ್ಟ್‌ನಲ್ಲಿರುವ ನೇಮಕಾತಿ.

ಪ್ರಿಲಿಮ್ಸ್ ಫಲಿತಾಂಶ ಬಂದ ದಿನ ಅವನ ರೂಮಿಗೆ ಹೋದರೆ ಆಫ್ರಿಕಾದ ಅಜಾಂಡೆ ಜನರ ಕಥೆ ಕೇಳದೆ ವಾಪಸು ಬರುವಂತಿಲ್ಲ. ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1937ರ ತನ್ನ ಪುಸ್ತಕದಲ್ಲಿ ಬರೆದದ್ದು: ಕಣಜ ಕುಸಿದು, ಅದರ ನೆರಳಲ್ಲಿ ಕೂತವರಿಗೆ ಪೆಟ್ಟಾಗುತ್ತದೆ. ಕಂಬಕ್ಕೆ ಗೆದ್ದಲು ಹಿಡಿದಿತ್ತು ಎಂಬುದು ಅಜಾಂಡೆಯವರಿಗೂ ಚೆನ್ನಾಗಿ ಗೊತ್ತು. ಆದರೆ ಇವರು ಕೂತ ಹೊತ್ತಿಗೇ ಅದು ಯಾಕೆ ಬೀಳಬೇಕಿತ್ತು? ಅದಕ್ಕೇ ಮಾಟ. "ಸಿಸ್ಯಾಟ್ ಪೇಪರ್ ಕಷ್ಟ ಇತ್ತು, ಒಪ್ಕೋತೀನಿ. ಆದ್ರೆ ಅಷ್ಟು ಕಷ್ಟದ ಪೇಪರು ನಾನು ಬರೆಯೋ ವರ್ಷವೇ ಯಾಕೆ ಬರಬೇಕು ಅಂಕಲ್?" ಎಂದು ಕೇಳಿ ಎದುರು ಗೋಡೆ ನೋಡುತ್ತಾನೆ. ಗೋಡೆಯಾಚೆಗಿನ ರೂಮು ಪಾಸಾದ ಜಾಗ್ರಫಿಯದು.

ಭಾರತದಲ್ಲಿ ವಿಶೇಷವಾಗಿ ದುರ್ಬಲ ಎಂದು ಗುರುತಿಸಿದ ಬುಡಕಟ್ಟುಗಳು 75. ಆಂತ್ರೊ ರಾಜ್ಯವಾರು ಎಲ್ಲವನ್ನೂ ಗಿಣಿಪಾಠ ಒಪ್ಪಿಸುತ್ತಾನೆ. ಕರ್ನಾಟಕದ್ದು ಎರಡು, ಜೇನುಕುರುಬ ಮತ್ತು ಕೊರಗ. ಅವರ ಆರೋಗ್ಯ, ಭೂಮಿ, ಪುನರ್ವಸತಿ ಕುರಿತು ಹೀಗೆ ಮಾಡಬೇಕು, ಹಾಗೆ ಮಾಡಬೇಕು ಎಂಬ ಏಳು ಸಲಹೆಗಳೂ ಬಾಯಲ್ಲೇ ಇವೆ. "ಹುಣಸೂರಿಗೆ ಬಸ್ಸಿದೆಯಲ್ಲೋ, ಒಂದ್ಸಲ ಹಾಡಿಗೆ ಹೋಗಿ ಮಾತಾಡಿಸಿಕೊಂಡು ಬಾ" ಎಂದೆ. "ಅದೆಲ್ಲ ಇಂಟರ್‌ವ್ಯೂ ಸ್ಟೇಜಿಗೆ ಅಂಕಲ್" ಎಂದ. ನಾಳೆ ಆ ಹಾಡಿಗೆ ಸಾಹೇಬನಾಗಿ ಜೀಪಿನಲ್ಲಿ ಹೋಗುವವನು ಇವನೇ ಇರಬಹುದು, ಅದಕ್ಕೇ ಈ ಮಾತಿಗೆ ನನಗೆ ಪೂರ್ತಿ ನಗು ಬರಲಿಲ್ಲ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವನ ಆರಾಧ್ಯದೈವ. ಮೈಸೂರಿನವರು, ನಮ್ಮ ಸೀಮೆಯ ಹಳ್ಳಿಯೊಂದರಲ್ಲಿ ಕೂತು ಕೆಲಸ ಮಾಡಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟವರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಬೆಂಕಿ ಇಟ್ಟು, ಅವರು ವರ್ಷಗಟ್ಟಲೆ ತಿದ್ದಿ ಅಣಿಗೊಳಿಸಿದ್ದ ಟಿಪ್ಪಣಿಗಳು ಸುಟ್ಟವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಆಂತ್ರೊನ ನೋಟ್ಸಿನ ಮೇಲೆ ಪಬ್ ಆಡ್ ಕಾಫಿ ಚೆಲ್ಲಿದ ದಿನ ಈ ಪ್ರಸಂಗ ಅವನಿಗೆ ಬಹಳ ಧೈರ್ಯ ಕೊಟ್ಟಿತು. ನೆನಪಿನಿಂದ ಬರೆಯಲು ಕೂತ. ಎರಡು ಸಾಲಾದ ಮೇಲೆ ಎದ್ದು ಜೆರಾಕ್ಸ್ ಅಂಗಡಿಗೆ ಹೋದ.

ಈ ವರ್ಷ ನಾಗಮಂಗಲದ ಕಡೆ ಒಂದು ಮದುವೆ. ಓದಿದ ಹುಡುಗ ಎಂದು ಮುಯ್ಯಿ ಬರೆಯುವ ಕೆಲಸ ಇವನಿಗೇ ಬಿತ್ತು. ಮಾವುತನ ಕೈಗೆ ಆನೆ ಸಿಕ್ಕಂತಾಯಿತು. ಕೊಡಬೇಕು, ಪಡೆಯಬೇಕು, ಹಿಂದಿರುಗಿಸಬೇಕು ಎಂದು ಮಾರ್ಸೆಲ್ ಮಾಸ್ 1925ರಲ್ಲೇ ಹೇಳಿದ್ದನ್ನು ಸಾಲಿನಲ್ಲಿ ನಿಂತವರಿಗೆಲ್ಲ ವಿವರಿಸುತ್ತಾ ಕೂತ. ಐನೂರ ಒಂದು ಹಿಡಿದು ನಿಂತಿದ್ದ ಒಬ್ಬರು ತಾಳ್ಮೆಯಿಂದ ಎಲ್ಲ ಕೇಳಿ, "ಅದಿರ್ಲಿ, ನನ್ನ ಹೆಸರಿನ ಮುಂದೆ ಊರು ಬರ್ದೆಯಾ?" ಎಂದರು. ಪಕ್ಕದಲ್ಲಿ ಅವನ ಅಜ್ಜಿ ಕುಳಿತಿದ್ದರು. ಪುಸ್ತಕ ನೋಡದೆಯೇ, ಯಾರು ಯಾರ ಮಗ, ಅವರ ಮನೆಯ ಗೃಹಪ್ರವೇಶಕ್ಕೆ ನಾವು ಕೊಟ್ಟ ಬಿಂದಿಗೆ ಎಷ್ಟು ತೂಕದ್ದು, ಈಗ ಅವರು ತಂದದ್ದು ಎಷ್ಟು ಕಡಿಮೆ ಎಂದು ಪಿಸುದನಿಯಲ್ಲಿ ಹೇಳುತ್ತಿದ್ದರು.

ಊಟವಾದ ಮೇಲೆ ಆಂತ್ರೊ ಅಜ್ಜಿಯನ್ನು ಹಿಡಿದು ಬಂಧುತ್ವದ ನಕ್ಷೆ ಬರೆಯಲು ಕೂತ. ಗಂಡಿಗೆ ತ್ರಿಕೋನ, ಹೆಣ್ಣಿಗೆ ಸೊನ್ನೆ, ಮದುವೆಗೆ ಎರಡು ಗೆರೆ. "ಇದ್ಯಾವ ರಂಗೋಲಿಯೋ?" ಎಂದರು ಅಜ್ಜಿ. ಅವರು ಕೈಹಿಡಿದದ್ದು ಸ್ವಂತ ಸೋದರಮಾವನನ್ನು. ಹೆಸರೇನು ಎಂದರೆ "ಅವರು" ಎಂದರು, ಎಷ್ಟು ಕೇಳಿದರೂ ಗಂಡನ ಹೆಸರು ಬಾಯಿಗೆ ಬರಲಿಲ್ಲ. "ಅವಾಯ್ಡೆನ್ಸ್!" ಎಂದು ಇವನು ಹಿಗ್ಗಿ ಬರೆದುಕೊಂಡ. ಸೋದರಮಾವನೇ ಗಂಡನಾದ ಮೇಲೆ ತಾಯಿಯ ತಾಯಿಯೇ ಅತ್ತೆ. ತಾಯಿ ನಾದಿನಿ. ಗೆರೆಗಳು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಾಡಿ, ಅಜ್ಜಿಯ ಮಗಳ ಮದುವೆಗೆ ಬರುವಷ್ಟರಲ್ಲಿ ಹಾಳೆ ತುಂಬಿತು. ಬರೆಯದೇ ಉಳಿದ ಮೂರು ತಲೆಮಾರನ್ನು ಅಜ್ಜಿ ಎಲೆ ಅಡಿಕೆ ಮಡಿಸುತ್ತಾ ಬಾಯಲ್ಲೇ ಹೇಳಿ ಮುಗಿಸಿದರು. ಷಡ್ಡಕ ಯಾರು, ವಾರಗಿತ್ತಿ ಯಾರು, ಯಾರ ಜೊತೆ ತಮಾಷೆ ಮಾಡಬಹುದು, ಯಾರ ಎದುರು ಕೂರಬಾರದು, ಒಂದೂ ತಪ್ಪಲಿಲ್ಲ.

ಇವನು ಪೆನ್ನು ಬಿಡಲಿಲ್ಲ. "ಅಜ್ಜೀ, ಇರಾವತಿ ಕರ್ವೆ ಅಂತ ದೊಡ್ಡ ವಿದ್ವಾಂಸರು 1953ರಲ್ಲೇ ಬರೆದಿದ್ದಾರೆ. ದಕ್ಷಿಣದಲ್ಲಿ ಹೆಣ್ಣು ಗೊತ್ತಿರೋ ಮನೆಗೇ ಸೊಸೆಯಾಗಿ ಹೋಗೋದ್ರಿಂದ ಉತ್ತರದ ಹಾಗೆ ಅಪರಿಚಿತಳಾಗಿ ಕಷ್ಟಪಡೋದಿಲ್ಲ ಅಂತ. ನಿಮ್ಮ ಅತ್ತೆ ಅಂದ್ರೆ ನಿಮ್ಮಜ್ಜೀನೇ. ಸುಖವಾಗಿದ್ರಿ, ಅಲ್ವಾ?"

ಅಜ್ಜಿ ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿದರು. "ಮದುವೇಗೆ ಮುಂಚೆ ಅಜ್ಜಿಯಾಗಿದ್ಲು. ಧಾರೆ ಆದ್ಮೇಲೆ ಅತ್ತೆ ಆದ್ಲು. ಗೊತ್ತಿರೋ ಮನೆ ಅಂತ್ಲೇ ನೀರು ಸೇದೋಕೆ ಮೊದಲ ದಿನದಿಂದ್ಲೇ ಕಳಿಸಿದ್ಲು. ಹೊಸಬಳಾಗಿದ್ರೆ ನಾಕು ದಿನ ಕೂರಿಸ್ತಿದ್ಲು."

ಆಂತ್ರೊ ಒಂದು ಗಳಿಗೆ ಪೆನ್ನು ಕಚ್ಚಿದ. "ಆದ್ರೆ ಪುಸ್ತಕದಲ್ಲಿ ಹಾಗಿಲ್ಲ ಅಜ್ಜಿ" ಎಂದು ಬಹಳ ಮೃದುವಾಗಿ ತಿಳಿಸಿ, ಕರ್ವೆ ಹೇಳಿದ್ದನ್ನೇ ಬರೆದುಕೊಂಡ.

ಬೆಂಗಳೂರಿಗೆ ಬಂದ ವಾರವೇ ಟೆಸ್ಟ್ ಸೀರೀಸ್‌ನಲ್ಲಿ ಸೋದರಸಂಬಂಧದ ಮದುವೆ ಮೇಲೆ ಹತ್ತು ಅಂಕದ ಪ್ರಶ್ನೆ ಬಿತ್ತು. ನೂರೈವತ್ತು ಪದ, ಅಂಡರ್‌ಲೈನ್, ಚಿತ್ರ ಎಲ್ಲ ಹಾಕಿ ಬರೆದ. ಬಂದದ್ದು ಮೂರೂವರೆ. ಅಂಚಿನಲ್ಲಿ ಕೆಂಪು ಶಾಯಿಯ ಸೂಚನೆ: ಕ್ಷೇತ್ರದಿಂದ ಒಂದು ಜೀವಂತ ಉದಾಹರಣೆ ಕೊಡಿ. ಆಂತ್ರೊ ಆ ರಾತ್ರಿ ನಿದ್ದೆಗೆಟ್ಟು ಎಂಬರ್ ಅಂಡ್ ಎಂಬರ್, ಕೋಚಿಂಗ್ ನೋಟ್ಸು, ಟಾಪರ್‌ಗಳ ಉತ್ತರಪತ್ರಿಕೆ ಎಲ್ಲ ಜಾಲಾಡಿ, ಬೆಳಗಿನ ಜಾವಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಕರಿಯೆರಾ ಜನರನ್ನು ಹಿಡಿದು ತಂದ.