ನಾಲ್ಕನೇ ಸೀಟು

ಮೂವರು ಕೂಡುವ ಬಾಕಿನ ತುದಿಗೆ ನಾಲ್ಕನೆಯವನು ತನ್ನನ್ನು ತಗುಲಿಸಿಕೊಳ್ಳುತ್ತಾನಲ್ಲ, ಅದಕ್ಕೆ ಮುಂಬಯಿಯ ನಮ್ಮ ಡೊಂಬಿವಲಿ ಲೋಕಲ್ಲಿನಲ್ಲಿ ‘ಫೋರ್ತ್ ಸೀಟ್’ ಎಂದು ಹೆಸರು. ಸೀಟು ಅನ್ನುವುದು ಬರೀ ಮರ್ಯಾದೆಗೆ. ಅರ್ಧ ಕುಂಡೆ ಬಾಕಿನ ಮೇಲೆ, ಉಳಿದರ್ಧ ದೇವರ ಭಾರ.

ಅಂಥ ಸೀಟಿನಲ್ಲಿ ಕೂತು ಒಂದು ದಿನ ಹಳೆಯ ಪುಸ್ತಕವೊಂದನ್ನು ಓದುತ್ತಿದ್ದೆ. ಫೋರ್ಟಿನ ಫುಟ್‌ಪಾತಿನಲ್ಲಿ ಕೊಂಡ ಯಿಡ್ಡಿಷ್ ಗಾದೆಗಳ ಇಂಗ್ಲಿಷ್ ಸಂಗ್ರಹ. ಯಿಡ್ಡಿಷ್ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು; ಒಡಲು ಜರ್ಮನ್ನಿನದು, ತೊಟ್ಟದ್ದು ಹೀಬ್ರೂ ಲಿಪಿ. ಆ ಭಾಷೆಯಲ್ಲಿ ಕಥೆ ಬರೆದ ಐಸಾಕ್ ಬಾಶೆವಿಸ್ ಸಿಂಗರ್‌ಗೆ 1978ರಲ್ಲಿ ನೊಬೆಲ್ ಬಂದಿತ್ತು ಎಂಬುದು ಗೊತ್ತಿದ್ದರಿಂದ ತುಸು ಭಯಭಕ್ತಿಯಿಂದಲೇ ಪುಟ ತೆರೆದೆ. ಕಂಡದ್ದು ಇದು: ‘ಒಂದೇ ಕುಂಡೆ ಇಟ್ಟುಕೊಂಡು ಎರಡು ಮದುವೆಯಲ್ಲಿ ಕುಣಿಯಲಾಗದು.’ ಎರಡು ಮದುವೆ ಹಾಗಿರಲಿ ಮಾರಾಯರೇ, ಇಲ್ಲಿ ಒಂದು ಕುಂಡೆಗೆ ಪೂರಾ ಒಂದು ಸೀಟೇ ಇಲ್ಲ! ನಕ್ಕ ಭರಕ್ಕೆ ಇದ್ದರ್ಧವೂ ಬಾಕಿನಿಂದ ಜಾರಿತು.

ಇನ್ನೊಂದು ಗಾದೆ: ‘ಅಜ್ಜಿಗೆ ಗಾಲಿ ಇದ್ದಿದ್ದರೆ ಬಂಡಿಯಾಗುತ್ತಿದ್ದಳು.’ ನಾವು ಅತ್ತೆಗೆ ಮೀಸೆ ಬರಿಸುತ್ತೇವೆ, ಅವರು ಅಜ್ಜಿಗೆ ಗಾಲಿ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ. ನಮ್ಮ ಬೋಗಿಯಲ್ಲಿ ಹಿರಿಯರೊಬ್ಬರಿದ್ದಾರೆ. 1970ರಲ್ಲಿ ಹುಟ್ಟಿದ ಸರಕಾರಿ ಸಂಸ್ಥೆ ಸಿಡ್ಕೋ ನವಿ ಮುಂಬಯಿಯನ್ನು ಇನ್ನೂ ಕಟ್ಟುತ್ತಿದ್ದ ಕಾಲಕ್ಕೆ, ವಾಶಿಯಲ್ಲಿ ಫ್ಲ್ಯಾಟು ಬೇಡ ಅಂದವರು. ‘ಅವತ್ತೇ ತಗೊಂಡಿದ್ದರೆ...’ ಎಂದು ದಿವಾ ಸ್ಟೇಷನ್ ದಾಟುವ ಹೊತ್ತಿಗೆ ದಿನಾ ಶುರು ಮಾಡುತ್ತಾರೆ. ಠಾಣೆ ಬರುವುದರೊಳಗೆ ಅಜ್ಜಿಗೆ ನಾಲ್ಕೂ ಗಾಲಿ ಕೂತಿರುತ್ತವೆ.

ಠಾಣೆಯಲ್ಲಿ ಹತ್ತುವ ನನ್ನ ಸಹೋದ್ಯೋಗಿಯೊಬ್ಬರು ಬೆನೆ ಇಸ್ರೇಲಿ ಯಹೂದಿ. ಹಡಗು ಒಡೆದು ಕೊಂಕಣದ ದಂಡೆಗೆ ಬಂದು ಬಿದ್ದ ಏಳು ದಂಪತಿಗಳ ಸಂತಾನ ತಾವು ಎಂಬುದು ಅವರ ನಂಬಿಕೆ. ಹಿಂದೆ ಆ ಸಮುದಾಯದವರು ಗಾಣ ಹಾಕಿಕೊಂಡಿದ್ದರು. ಶನಿವಾರ ಗಾಣ ಮುಟ್ಟುತ್ತಿರಲಿಲ್ಲ, ಹಾಗಾಗಿ ಊರವರ ಬಾಯಲ್ಲಿ ‘ಶನಿವಾರ್ ತೇಲಿ’ ಆದರು. ಟೆಂಭಿ ನಾಕಾದ ಬಳಿ 1879ರಲ್ಲಿ ಕಟ್ಟಿದ ಅವರ ಪ್ರಾರ್ಥನಾಮಂದಿರವಿದೆ, ಶಾರ್ ಹಶಾಮಾಯಿಮ್, ಅಂದರೆ ಸ್ವರ್ಗದ ಬಾಗಿಲು. ಮನೆಯಲ್ಲಿ ಶುಭಕಾರ್ಯವಾದರೆ ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ‘ಮಲಿದಾ’ ಮಾಡುತ್ತಾರೆ: ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಿಹಿ, ಮೇಲೆ ಹಣ್ಣು. ಈ ಸಹೋದ್ಯೋಗಿ ತಂದ ಡಬ್ಬಿ ತೆರೆದಾಗ ಗೋಕುಲಾಷ್ಟಮಿಯ ವಾಸನೆ ಬಂದಿತ್ತು.

ಮಲಿದಾದ ಋಣ ತೀರಿಸೋಣವೆಂದು, ‘ನಿಮ್ಮವರ ಗಾದೆ ಕೇಳಿ’ ಎಂದು ಬಿಗಿಯಾಗಿ ಓದಿದೆ: ‘ಕುಣಿಯಲು ಬಾರದ ಹುಡುಗಿ ವಾದ್ಯದವರಿಗೆ ಬಾರಿಸಲು ಬರುವುದಿಲ್ಲ ಅಂದಳು.’ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಯಿಡ್ಡಿಷ್ಷಾ? ನಮ್ಮ ಮನೆಯಲ್ಲಿ ಯಾರಿಗೆ ಬರುತ್ತೆ? ನಮ್ಮ ಆಜಿ ಹೇಳುತ್ತಿದ್ದದ್ದು, ನಾಚತಾ ಯೇಯಿನಾ, ಅಂಗಣ ವಾಕಡೆ.’

ಅಪ್ಪಟ ಮರಾಠಿ! ಕುಣಿಯಲು ಬಾರದು, ಅಂಗಳವೇ ಸೊಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ಧಾರವಾಡದಲ್ಲಿ ನಮ್ಮವ್ವ ಅನ್ನುತ್ತಿದ್ದದ್ದೂ ಇದನ್ನೇ. ಅವ್ವನ ಪಾಠದಲ್ಲಿ ಆಕೆಗೊಂದು ಖಾರವಾದ ವಿಶೇಷಣವಿತ್ತು. ಮೊಮ್ಮಗಳು ಹುಟ್ಟಿದ ಮೇಲೆ ಅದನ್ನು ಕೈಬಿಟ್ಟಳು. ಮೂರು ಭಾಷೆಯಲ್ಲೂ ಹುಡುಗಿಗೆ ಕುಣಿತ ಬಂದಿಲ್ಲ, ತಪ್ಪು ಒಪ್ಪಿಕೊಂಡೂ ಇಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಮೊದಲ ಪ್ರಯಾಣಿಕರ ರೈಲು ಓಡಿತಲ್ಲ, ಅವತ್ತಿನಿಂದ ನಮ್ಮ ಕಡೆಯ ಕುಣಿಯಲಾರದವರಿಗೆಲ್ಲ ಕಾಯಂ ಡೊಂಕು ನೆಲ ಸಿಕ್ಕಿತು: ‘ಏನು ಮಾಡಲಿ ಸಾಹೇಬ್ರೆ, ಗಾಡಿ ಲೇಟು.’

ಇಷ್ಟೆಲ್ಲ ಓದಿ ಜಾಣನಾದ ನಾನು ಮುಂದಿನ ರವಿವಾರವೇ ಎರಡು ಮದುವೆಗೆ ಹೊರಟೆ.

ಕಲ್ಯಾಣದಲ್ಲಿ ಅವ್ವನ ತವರಿನವರ ಕಲ್ಯಾಣ, ಹತ್ತೂವರೆಗೆ ಅಕ್ಷತೆ. ವಾಶಿಯಲ್ಲಿ ಗೆಳೆಯನ ಮಗಳದು, ಒಂದು ಗಂಟೆಗೆ ಊಟ. ಡೊಂಬಿವಲಿಯಿಂದ ಕಲ್ಯಾಣ ಎರಡೇ ಸ್ಟೇಷನ್. ಅಲ್ಲಿಂದ ಠಾಣೆ, ಠಾಣೆಯಿಂದ ವಾಶಿಗೆ 2004ರಿಂದ ನೇರ ರೈಲೇ ಇದೆ. ಅಕ್ಷತೆ ಅಲ್ಲಿ, ಊಟ ಇಲ್ಲಿ. ‘ತಾನೊಂದು ಬಗದರ ದೈವ ಒಂದು ಬಗೀತದ’ ಅಂದಳು ಅವ್ವ. ‘ಮನುಷ್ಯ ಲೆಕ್ಕ ಹಾಕುತ್ತಾನೆ, ದೇವರು ನಗುತ್ತಾನೆ, ಯಿಡ್ಡಿಷ್ಷಿನಲ್ಲೂ ಇದೆ ಅವ್ವಾ’ ಎಂದೆ, ಬಹಳ ತಿಳಿದವನಂತೆ.

ದೇವರು ನಮ್ಮಲ್ಲಿ ನಗುವುದು ರವಿವಾರ. ಹಳಿ ರಿಪೇರಿಗೆಂದು ಗಾಡಿ ನಿಲ್ಲಿಸುತ್ತಾರಲ್ಲ, ಅದಕ್ಕೆ ಮೆಗಾ ಬ್ಲಾಕ್ ಅನ್ನುತ್ತಾರೆ. ತೇಲಿಗಳಿಗೆ ಶನಿವಾರವಿದ್ದಂತೆ ಹಳಿಗಳಿಗೆ ರವಿವಾರ. ಶನಿವಾರದ ಪೇಪರಿನಲ್ಲೇ ವೇಳೆ ಸಮೇತ ಅಚ್ಚಾಗಿತ್ತಂತೆ. ನಾನು ಅದರ ಪಕ್ಕದ ರಾಶಿಭವಿಷ್ಯ ಓದಿ ಮಡಚಿಟ್ಟಿದ್ದೆ.

ಕಲ್ಯಾಣಕ್ಕೆ ಹೋದಾಗ ಅಕ್ಷತೆಕಾಳು ನೆಲದ ಮೇಲಿದ್ದವು. ಮದುಮಕ್ಕಳು ಫೋಟೋಗ್ರಾಫರನ ಕೈಯಲ್ಲಿದ್ದರು. ‘ಊಟ ಮಾಡ್ಕೊಂಡ ಹೋಗ್ರಿ’ ಎಂದು ಎಷ್ಟು ಹೇಳಿದರೂ ಕೇಳದೆ ಅವ್ವನನ್ನು ಎಬ್ಬಿಸಿಕೊಂಡು ಬಂದೆ. ವಾಶಿ ಮುಟ್ಟಿದಾಗ ಮೂರೂವರೆ. ಬಾಣಸಿಗರು ಪಾತ್ರೆ ಬೋರಲು ಹಾಕುತ್ತಿದ್ದರು. ಉಳಿದದ್ದು ಬೀಡಾ. ಅದನ್ನೇ ಹಾಕಿಕೊಂಡು, ತಡವಾದದ್ದಕ್ಕೆ ಗೆಳೆಯನಿಗೆ ಕಾರಣ ಹೇಳಿದೆ: ‘ರೈಲಿನ ಹಣೆಬರಹ ನಿನಗೆ ಗೊತ್ತಲ್ಲ.’

ಹಿಂದಿನಿಂದ ಅವ್ವನ ದನಿ ಬಂತು: ‘ಕುಣೀಲಾರದಾಕಿ...’ ಹಸಿವಿನಲ್ಲಿ ಆ ಹಳೆಯ ವಿಶೇಷಣವೂ ಮರಳಿತ್ತು.

ಗಾದೆಯ ಹಣೆಬರಹವೇ ಇಷ್ಟು. ಅದನ್ನು ಓದಿ ಯಾರೂ ಎಡವುವುದನ್ನು ಬಿಟ್ಟದ್ದಿಲ್ಲ. ಬಿದ್ದ ಮೇಲೆ ನೆನಪಾಗುತ್ತದೆ. ಪೋಲೆಂಡಿನಲ್ಲೊಬ್ಬ, ಕೊಂಕಣದಲ್ಲೊಬ್ಬ, ಧಾರವಾಡದಲ್ಲೊಬ್ಬಳು ಇದೇ ಜಾಗದಲ್ಲಿ ಇದೇ ಮೊಣಕಾಲು ತರಚಿಕೊಂಡಿದ್ದರು ಎಂದು ತಿಳಿದರೆ ಉರಿ ಸ್ವಲ್ಪ ಕಡಿಮೆಯಾಗುತ್ತದೆ.

ಠಾಣೆಯಲ್ಲಿ ವಡಾಪಾವ್ ತಿಂದು ಡೊಂಬಿವಲಿ ಗಾಡಿ ಹತ್ತಿದೆವು. ಕಾಲಿಡಲು ಜಾಗವಿಲ್ಲ. ಅವ್ವನನ್ನು ನೋಡಿ ಬಾಕಿನ ತುದಿಯಲ್ಲಿದ್ದವನು ಎದ್ದು ಜಾಗ ಬಿಟ್ಟ. ಅವ್ವ ಕೂತಳು, ಸೆರಗು ಹೊದ್ದಳು, ಪಕ್ಕದ ಇಬ್ಬರನ್ನೂ ನೋಡಿ ಕಿಟಕಿಯ ಕಡೆ ಕೈ ಆಡಿಸಿದಳು. ಅವಳಿಗೆ ಮರಾಠಿ ಬಾರದಿದ್ದರೂ ಅವರಿಗೆ ಅರ್ಥವಾಯಿತು, ಇಬ್ಬರೂ ಸರಿದರು. ಅವಳೂ ಸರಿದು, ಉಳಿದ ಒಂದು ಗೇಣನ್ನು ಅಂಗೈಯಿಂದ ತಟ್ಟಿದಳು.

‘ಬಾ, ಕೂಡು. ಎರಡು ಮದವಿ ಮುಗಿಸಿ ಬಂದ ಕುಂಡಿಗೆ ಇಷ್ಟು ಸಾಕು.’