ಎಷ್ಟು ಇಂಚಿನ ಪೈಪು?

‘ನಮ್ಮ ಹುಡುಗ ವೈಜಾಗ್‌ನಲ್ಲಿ ಪೈಪ್‌ಲೈನ್ ಕೆಲಸದಲ್ಲಿದಾನೆ’ ಎಂದು ಅಮ್ಮ ಮದುವೆಮನೆಯಲ್ಲಿ ಹೇಳಿಬಿಟ್ಟಳು. ದಾವಣಗೆರೆಯಲ್ಲಿ ಬೋರ್‌ವೆಲ್ ಸಾಮಾನಿನ ಅಂಗಡಿ ಇಟ್ಟಿರುವ ಸೋದರಮಾವ ಹೋಳಿಗೆ ಮುರಿಯುತ್ತಲೇ ಕೇಳಿದ: ‘ಪಿವಿಸಿನೋ, ಜಿಐನೋ? ಎಷ್ಟು ಇಂಚಿಂದು?’

ತಪ್ಪು ಅಮ್ಮನದಲ್ಲ. ಒಂದು ಕಂಪನಿಯ ಕಂಪ್ಯೂಟರಿನ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುವ ಬಿಜ್‌ಟಾಕ್ ತಂತ್ರಾಂಶದಲ್ಲಿ ಸಂದೇಶ ಹಾಯುವ ದಾರಿಗೆ ಪೈಪ್‌ಲೈನ್ ಎಂದೇ ಹೆಸರು. ಬಂದ ಸಂದೇಶದ ಗಂಟು ಬಿಚ್ಚುವುದು, ಬಿಡಿಬಿಡಿ ಮಾಡುವುದು, ಸರಿಯಿದೆಯೇ ನೋಡುವುದು, ಯಾರ ಕಡೆಯದೆಂದು ಗುರುತಿಸುವುದು ಹೀಗೆ ನಾಲ್ಕು ಹಂತ. ಬಾಗಿಲಿಗೆ ಬಂದ ನೆಂಟರಿಗೆ ನಮ್ಮಜ್ಜಿ ಮಾಡುತ್ತಿದ್ದುದೂ ಇದನ್ನೇ. ಕ್ರಮ ಮಾತ್ರ ತಿರುವುಮುರುವು: ಮೊದಲು ಯಾರ ಕಡೆಯವರು, ಆಮೇಲೆ ಗಂಟು.

ವೈಜಾಗ್‌ನಲ್ಲಿ ನಿಜವಾದ ಪೈಪೂ ಇದೆಯಲ್ಲ! 1957ರಲ್ಲಿ ಕ್ಯಾಲ್‌ಟೆಕ್ಸ್ ಶುರುಮಾಡಿದ, ಈಗ ಎಚ್‌ಪಿಸಿಎಲ್‌ನದಾದ ರಿಫೈನರಿಯಿಂದ ಹೊರಟು ವಿಜಯವಾಡ ದಾಟಿ ಸಿಕಂದರಾಬಾದಿಗೆ ಹೋಗುತ್ತದೆ. ಪೆಟ್ರೋಲು, ಡೀಸೆಲ್ಲು ಒಂದೇ ಕೊಳವೆಯಲ್ಲಿ ಒಂದರ ಬೆನ್ನಿಗೊಂದು. ನಡುವೆ ಬೆರೆತ ಪಾಲನ್ನು ಬೇರೆ ತೆಗೆಯುತ್ತಾರೆ. ನನ್ನನ್ನು ಆ ಪೈಪಿನವನೆಂದುಕೊಂಡ ಆಟೋದವನೊಬ್ಬ ‘ಪೆಟ್ರೋಲ್ ರೇಟು ಎಪ್ಪುಡು ತಗ್ಗುತುಂದಿ ಸಾರ್?’ ಎಂದಾಗ ಗಂಭೀರವಾಗಿ ತಲೆಯಾಡಿಸಿದ್ದೇನೆ.

ನನ್ನ ಪೈಪಿನ ಆ ತುದಿಯೂ ವಿಜಯವಾಡವೇ. ಅಲ್ಲಿನ ಗೋಡೌನೊಂದರಿಂದ ರಾತ್ರಿ ಆರ್ಡರಿನ ಫೈಲು ಬರಬೇಕು. ಸಾಲಿಗೆ ಆರು ಖಾನೆ, ಖಾನೆಗಳ ನಡುವೆ ಒಂದೊಂದು ಕಾಮಾ. ಒಂದು ವಾರ ಎಲ್ಲ ಸರಾಗ. ಎಂಟನೆಯ ಬೆಳಿಗ್ಗೆ ನೋಡಿದರೆ ಇಡೀ ಫೈಲು ‘ಸಸ್ಪೆಂಡೆಡ್’. ಸರ್ಕಾರಿ ನೌಕರನಿಗಾದರೆ ಸಸ್ಪೆಂಡಾದರೂ ಅರ್ಧ ಸಂಬಳ. ನನ್ನ ಸಂದೇಶಕ್ಕೆ ಅದೂ ಇಲ್ಲ. ಸಾಲು ಸಾಲಾಗಿ ಹೆಕ್ಕಿದೆ. ನಲವತ್ತಮೂರನೆಯ ಸಾಲಿನಲ್ಲಿ ಯಾರೋ ವಿಳಾಸ ಬರೆದಿದ್ದರು: ‘ಬೆಂಜ್ ಸರ್ಕಲ್ ಹತ್ತಿರ, ಮೇಡ ಮೀದ’. ಆ ಒಂದು ಕಾಮಾದಿಂದ ಆರು ಖಾನೆ ಏಳಾಗಿತ್ತು. ವಿಳಾಸದೊಳಗೂ ಕಾಮಾ ಇರಬಹುದೆಂದು ಯೋಚಿಸದೆ ಪೈಪ್‌ಲೈನ್ ಕಟ್ಟಿದವನು ನಾನೇ.

ಫೋನಿನಲ್ಲಿ ಬಗೆಹರಿಯಲಿಲ್ಲ. ಮಧ್ಯಾಹ್ನದ ರತ್ನಾಚಲ್ ರೈಲು ಹತ್ತಿ, ರಾಜಮಹೇಂದ್ರಿಯಲ್ಲಿ ಗೋದಾವರಿಗೆ ಕೈಮುಗಿದು, 350 ಕಿಲೋಮೀಟರು ಹೋದೆ. ಒಂದು ಅಲ್ಪವಿರಾಮ ಅಳಿಸಲು ಇಷ್ಟು ದೂರ ಹೋದವನು ಬೇರೊಬ್ಬ ಇರಲಾರ. ಗೋಡೌನಿನ ಹಿರಿಯ ಗುಮಾಸ್ತರು ಪುನುಗುಲು, ಶುಂಠಿ ಚಟ್ನಿ ಮುಂದಿಟ್ಟು, ಕನ್ನಡಕದ ಮೇಲಿಂದ ನೋಡಿ ಕೇಳಿದರು: ‘ಕಾಮಾ ಲೇಕುಂಡಾ ಅಡ್ರಸ್ ಎಲಾ ರಾಸ್ತಾಂ ಬಾಬೂ?’

ಕಾಮಾ ಇಲ್ಲದೆ ವಿಳಾಸ ಹೇಗೆ ಬರೆಯುವುದು? ಬಾಯಲ್ಲಿ ಪುನುಗು ಇದ್ದದ್ದರಿಂದ ಉತ್ತರ ಕೊಡುವ ಕಷ್ಟ ತಪ್ಪಿತು. ಕಡೆಗೆ ಅವರ ಕಾಮಾ ಅವರಿಗೇ ಬಿಟ್ಟು, ಖಾನೆಗಳ ನಡುವೆ ಕೀಬೋರ್ಡಿನಲ್ಲಿ ಯಾರೂ ಮುಟ್ಟದ ಆ ನಿಂತ ಗೀಟನ್ನು ಹಾಕುವುದೆಂದಾಯಿತು. ಆ ಗೀಟಿಗೆ ನಮ್ಮವರು ಕರೆಯುವ ಹೆಸರು ‘ಪೈಪ್’.

ದೀಪಾವಳಿಗೆ ಊರಿಗೆ ಹೋದಾಗ ಮಾವ ಬಿಡಲಿಲ್ಲ: ‘ಅವತ್ತು ಹೇಳ್ಲೇ ಇಲ್ಲ, ಎಷ್ಟು ಇಂಚಿಂದು?’

‘ಕಾಲು ಇಂಚೂ ಇಲ್ಲ ಮಾವ. ಸಾಲಿಗೆ ಐದು ಹಾಕ್ತೀವಿ.’

‘ಅಷ್ಟು ಸಣ್ಣದ್ರಲ್ಲಿ ಏನು ಹರಿಯುತ್ತೋ!’ ಎಂದು ಅವನು ಅಮ್ಮನ ಕಡೆ ಮರುಕದಿಂದ ನೋಡಿದ.